ಕೀಲೆಣ್ಣೆ ಮತ್ತು ಹಿಂದಿನ ಬ್ರೇಕು

ನನ್ನ ಮಗಳು ಕಾರು ಓಡಿಸುವಾಗ ನಾನು ಪಕ್ಕದಲ್ಲಿ ಕೂತಿದ್ದರೆ ಅವಳಿಗೆ ದಾರಿಗಿಂತ ನನ್ನ ಬಲಗಾಲಿನ ಮೇಲೆಯೇ ಹೆಚ್ಚು ಕಣ್ಣು. ಎದುರಿಗೆ ಒಂದು ಎಮ್ಮೆ ಅಡ್ಡ ಬಂದರೆ ಸಾಕು, ನನ್ನ ಕಾಲು ತಾನಾಗಿಯೇ ಕೆಳಗಿನ ತಗಡನ್ನು ಒತ್ತಿ ಹಿಡಿಯುತ್ತದೆ. ಎಮ್ಮೆ ದಾಟಿ ಹೋದ ಮೇಲೂ ಸ್ವಲ್ಪ ಹೊತ್ತು ಹಿಡಿದೇ ಇರುತ್ತದೆ. "ಅವ್ವಾ, ಅಲ್ಲಿ ಏನೂ ಇಲ್ಲ, ಬರೀ ತಗಡ ಐತಿ" ಎಂದು ಅವಳು ನಗುತ್ತಾಳೆ. "ಗೊತ್ತೈತಿ ತಗೋ" ಎನ್ನುತ್ತೇನೆ. ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕರೂ ಇದೇ ಹಣೆಬರಹ. ಒಮ್ಮೆ ಹಾವೇರಿ ಬಸ್ಸಿನಲ್ಲಿ ಹೀಗೆ ಒತ್ತುತ್ತ ಕೂತಿದ್ದಾಗ, ನನ್ನ ಕಾಲಿಗೆ ಜೋಮು ಹಿಡಿದಿದೆಯೆಂದು ತಿಳಿದ ಪಕ್ಕದ ಹೆಣ್ಣುಮಗಳು, ಪಾಪ, ತನ್ನ ಗಂಟು ಸರಿಸಿ ಜಾಗ ಮಾಡಿಕೊಟ್ಟಳು.

ನನಗೆ ಗಾಡಿ ಓಡಿಸಲು ಬರುವುದಿಲ್ಲ. ಸೈಕಲ್ಲೂ ಬರುವುದಿಲ್ಲ. ಆದರೆ ಬ್ರೇಕು ಒತ್ತುವುದೊಂದನ್ನು ಮಾತ್ರ ಗುರುಮುಖದಿಂದ ಕಲಿತಿದ್ದೇನೆ, ಅದೂ ನಿಂತ ಗಾಡಿಯಲ್ಲಿ. ಆ ವಿದ್ಯೆ ಹೇಗೆ ಬಂತು ಎಂದು ಮಗಳಿಗೆ ಅರ್ಧ ಹೇಳಿದ್ದೇನೆ. ಉಳಿದರ್ಧ ಹೇಳಲು ಬಾಯಿ ಬಂದಿಲ್ಲ. ಬರೆಯುವಾಗ ಯಾರ ಮುಖವೂ ಎದುರಿಗೆ ಇರುವುದಿಲ್ಲವಲ್ಲ, ಅದಕ್ಕೇ ಇಲ್ಲಿ ಪೂರ್ತಿ ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಹಾನಗಲ್ಲಿನ ನಮ್ಮ ಮನೆಯಲ್ಲಿ ಆಗ ಇದ್ದವರು ಮೂವರು: ನಾನು, ನನ್ನ ಮಾವ ಮತ್ತು 'ಇವರು'. ಇವರು ಎಂದರೆ ನನ್ನ ಗಂಡ. ಗಂಡನ ಹೆಸರು ಹಿಡಿದು ಕರೆಯುವ ರೂಢಿ ನಮ್ಮಲ್ಲಿಲ್ಲ, ಬರೆಯುವುದಕ್ಕೂ ಕೈ ಏಳುವುದಿಲ್ಲ, ನೀವು ಸುಧಾರಿಸಿಕೊಳ್ಳಬೇಕು. ಮಾವ ಜನ್ಮವೆಲ್ಲ ಚಕ್ಕಡಿ ಹೊಡೆದವರು. ಊರಿನ ಭತ್ತ, ಬೆಲ್ಲ, ಹೆಂಚು, ಮದುವೆಯ ದಿಬ್ಬಣ ಎಲ್ಲವನ್ನೂ ಅವರ ಎತ್ತುಗಳೇ ಎಳೆದಿದ್ದವು. ಕಾಲ ಬದಲಾಯಿತೆಂದು ಇವರು ಹಟ ಹಿಡಿದು ಎತ್ತುಗಳನ್ನು ಮಾರಿಸಿದರು. ಯಾವುದೋ ಸರಕಾರಿ ಇಲಾಖೆ ಸಾಕೆಂದು ಲಿಲಾವಿಗೆ ಹಾಕಿದ್ದ ಒಂದು ಪಿಕಪ್ಪು ಮನೆಗೆ ಬಂತು. ಮುಂದೆ ಜೀಪಿನ ಮೂತಿ, ಹಿಂದೆ ಹಲಗೆಯ ತೊಟ್ಟಿ, ಬಣ್ಣ ಯಾವುದೆಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ಎತ್ತು ಹೋದ ದಿನ ಮಾವ ಊಟ ಮಾಡಲಿಲ್ಲ. ಪಿಕಪ್ಪು ಬಂದ ದಿನ ಅದರ ಮೂತಿಗೆ ಕುಂಕುಮ ಹಚ್ಚಿ, ಹಳೆಯ ಎತ್ತಿನ ಕೊರಳಗಂಟೆಯೊಂದನ್ನು ತಂದು ಕನ್ನಡಿಯ ಕೆಳಗೆ ತಾವೇ ಕಟ್ಟಿದರು. ಇವರು ಬಿಚ್ಚಿ ಇಟ್ಟರು. ಗಂಟೆಯ ಸದ್ದಿನಲ್ಲಿ ಇಂಜಿನ್ನಿನ ಸದ್ದು ತಿಳಿಯುವುದಿಲ್ಲವಂತೆ. ಅಂದಿನಿಂದ ಕಟ್ಟೆಯ ಮೇಲೆ ಕೂತು ಗಾಡಿಯನ್ನು ನೋಡುವುದೊಂದೇ ಮಾವನ ಕೆಲಸವಾಯಿತು.

ಆ ಗಾಡಿಗೆ ನೂರೆಂಟು ಕಾಯಿಲೆ. ದೊಡ್ಡದೆಂದರೆ ಬ್ರೇಕು. ಖಾಲಿ ಇದ್ದಾಗ ಹೇಳಿದಲ್ಲಿ ನಿಲ್ಲುತ್ತಿತ್ತು. ಹೇರು ತುಂಬಿದರೆ ಮಾತ್ರ ತನಗೆ ಬೇಕಾದಲ್ಲಿ ನಿಲ್ಲುತ್ತಿತ್ತು. ಶಿಗ್ಗಾಂವಿಯ ಪೇಟೆಯಲ್ಲಿ ಇಳಿಯಬೇಕಾದ ಚೀಲಗಳು ಎರಡು ಅಂಗಡಿ ಮುಂದೆ ಇಳಿಯುತ್ತಿದ್ದವು. ಇದಕ್ಕೆ ಮದ್ದು ಹುಡುಕಿದವನು ಸವಣೂರಿನ ದಸ್ತಗೀರ ಮಿಸ್ತ್ರಿ. ಹಾನಗಲ್ಲಿನಲ್ಲಿ ಮಿಸ್ತ್ರಿಗಳಿರಲಿಲ್ಲವೆಂದಲ್ಲ. ಆದರೆ ಇವರು ವೀಳ್ಯದೆಲೆಯ ಹೇರಿಗೆಂದು ದಿನ ಬಿಟ್ಟು ದಿನ ಸವಣೂರಿಗೆ ಹೋಗುತ್ತಿದ್ದರು, ದಸ್ತಗೀರನ ಕೈಗುಣದ ಮಾತು ಅಲ್ಲಿ ಎಲ್ಲರ ಬಾಯಲ್ಲಿತ್ತು. ಸುತ್ತಲಿನ ನಾಲ್ಕು ತಾಲೂಕಿನ ಹಳೆಯ ಗಾಡಿಗಳೆಲ್ಲ ಒಂದಲ್ಲ ಒಂದು ದಿನ ಅವನ ಹುಣಸೆಮರದ ಕೆಳಗೆ ನಿಂತು ಹೋದವೇ. ಆ ಹೆಸರೇ ಅವನ ಬದುಕು. ಅಂಗಡಿಗೆ ಬೋರ್ಡು ಕೂಡ ಇರಲಿಲ್ಲ.

ಅವನು ನಮ್ಮ ಗಾಡಿಯನ್ನು ನೋಡಿ, "ಅಣ್ಣಾರ, ಇದಕ್ಕ ಹಿಂದಿನ ಬ್ರೇಕ ಸಣ್ಣದಾತು. ದೊಡ್ಡ ಗಾಡಿದು ತಂದು ಕುಂದರಸೂಣು. ಮುಂದಿಂದು ಆಮ್ಯಾಲ ನೋಡೂಣು" ಎಂದ. ಹುಬ್ಬಳ್ಳಿಯ ಗುಜರಿಯಲ್ಲಿ ತಿರುಗಾಡಿ ಎರಡು ದೊಡ್ಡ ಡ್ರಮ್ಮು, ಅವುಗಳ ಶೂ ಆರಿಸಿ ತಂದ. ಡ್ರಮ್ಮೆಂದರೆ ಗಾಲಿಯ ಹಿಂದೆ ಕೂರುವ ಕಬ್ಬಿಣದ ಬೋಗುಣಿ. ಶೂ ಎಂದರೆ ಅದರೊಳಗಿನ ಎರಡು ಅರ್ಧಚಂದ್ರ, ಮೇಲೆ ಪಟ್ಟಿ ಬಡಿದಿರುತ್ತದೆ. ಪೆಡಲು ಒತ್ತಿದರೆ ಅವು ಅಗಲವಾಗಿ ಬೋಗುಣಿಯ ಒಳಮೈಗೆ ತಿಕ್ಕಿ ಗಾಲಿಯನ್ನು ಹಿಡಿಯುತ್ತವೆ. ನೋಡಿ, ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಎಷ್ಟೆಲ್ಲ ಗೊತ್ತು!

ಎರಡು ದಿನ ದಸ್ತಗೀರ ನಮ್ಮ ಅಂಗಳದಲ್ಲೇ ಕೂತು ಹೊಸ ತೂತು ಕೊರೆದ, ಅಂಚುಗಳನ್ನು ಕಾನಸಿನಿಂದ ತಿಕ್ಕಿದ, ತಗಡು ಕತ್ತರಿಸಿದ. ನಮಾಜಿನ ಹೊತ್ತಿಗೆ ಕೈ ತೊಳೆಯಲು ನನ್ನ ಕಡೆಯಿಂದ ಸೀಗೆಪುಡಿ ಇಸಿದುಕೊಳ್ಳುತ್ತಿದ್ದ. ಸೋಪಿಗೆ ಈ ಜಿಡ್ಡು ಹೋಗುವುದಿಲ್ಲವಂತೆ. ಮಾವ ಕಟ್ಟೆಯಿಂದ ಇಳಿದು ಬಂದು ಹತ್ಯಾರ ಎತ್ತಿಕೊಡಲು ಹೋದರೆ ಇವರು, "ಅಪ್ಪಾ, ನಿನಗ ತಿಳಿಯೂದಿಲ್ಲ, ಅತ್ತಾಗ ಕುಂದರು" ಎನ್ನುವರು. ದಸ್ತಗೀರ ಮಾತ್ರ "ಇರಲಿ ಬರ್ರಿ ಯಜಮಾನ್ರ, ಇದನ್ನ ಹಿಡ್ಕೊಳ್ರಿ" ಎಂದು ಕೈಗೆ ಏನಾದರೂ ಕೊಡುತ್ತಿದ್ದ. ಬಹಳ ಸಲ ಅದು ಬೇಡವಾದ ನಟ್ಟೇ ಆಗಿರುತ್ತಿತ್ತು. ಮಾವ ಅದನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ತಾಸುಗಟ್ಟಲೆ ನಿಲ್ಲುತ್ತಿದ್ದರು.

ಕಡೆಗೆ ಪೈಪಿನೊಳಗಿನ ಗಾಳಿ ತೆಗೆಯುವ ಕೆಲಸ ಉಳಿಯಿತು. ಗಾಳಿ ಸೇರಿದರೆ ಬ್ರೇಕು ಹಿಡಿಯುವುದಿಲ್ಲವಂತೆ. ದಸ್ತಗೀರ ಗಾಲಿಯ ಕೆಳಗೆ ಬಾಟಲಿ ಹಿಡಿದು ಮಲಗಿದ, ಇವರು ಮೇಲಿನಿಂದ ಆಯಿಲು ಸುರಿಯಬೇಕು, ಪೆಡಲು ಒತ್ತಲು ಮೂರನೆಯವರು ಬೇಕು. ಮಾವನ ಮೊಣಕಾಲು ಮಡಚುತ್ತಿರಲಿಲ್ಲ. ಹೀಗಾಗಿ ನಾನು ರೊಟ್ಟಿಯ ಹಿಟ್ಟಿನ ಕೈಯಲ್ಲೇ ಡ್ರೈವರ್ ಸೀಟಿಗೆ ಏರಿದೆ. "ಒತ್ತರಿ... ಹಿಡಿರಿ... ಬಿಡ್ರಿ." ಒತ್ತಿದೆ, ಹಿಡಿದೆ, ಬಿಟ್ಟೆ. ಒಮ್ಮೆ ಓಣಿಯಲ್ಲಿ ಬಳೆಗಾರ ಕೂಗಿದನೆಂದು ತಿರುಗಿ ನೋಡುವಾಗ ಕಾಲು ಮೊದಲೇ ಎದ್ದುಬಿಟ್ಟಿತು. ಬಾಟಲಿಯಲ್ಲಿದ್ದ ಗಾಳಿಯೆಲ್ಲ ಮತ್ತೆ ಒಳಗೆ! ಇವರು ಬೈದರು. ಕೆಳಗಿನಿಂದ ದಸ್ತಗೀರನ ದನಿ ಬಂತು: "ಇರಲಿ ಅಕ್ಕಾರ, ಬಳಿ ಇಟಗೊಂಡ ಬರ್ರಿ, ನಾ ಇಲ್ಲೆ ಮಲಗಿರತೇನಿ." ಅವತ್ತಿನಿಂದ ನನ್ನ ಕಾಲು ಹಿಡಿದದ್ದನ್ನು ಬೇಗ ಬಿಡುವುದಿಲ್ಲ.

ಹೊಸ ಬ್ರೇಕು ಗಟ್ಟಿಯಾಗಿ ಹಿಡಿಯಿತು. ಆದರೆ ಹಿಡಿದಾಗಲೆಲ್ಲ ಕಿರ್ರೋ ಎಂದು ಓಣಿಯ ನಾಯಿಗಳೆಲ್ಲ ಎದ್ದು ನಿಲ್ಲುವಂತೆ ಅಳುತ್ತಿತ್ತು. "ಹೊಸಾ ಪಟ್ಟಿ. ಸ್ವಲ್ಪ ದಿನ ಅಳತಾವ, ಆಮ್ಯಾಲ ತಾವ ಸುಮ್ಮನಾಗತಾವ" ಎಂದು ದಸ್ತಗೀರ ಹೇಳಿ ಹೋದ. ಆ ಅಳು ಇವರ ತಲೆಗೆ ಹೋಗಲಿಲ್ಲ. ಮಾವನಿಗೆ ಮಾತ್ರ ಕರುಳಿಗೇ ಹೋಯಿತು. ಚಕ್ಕಡಿ ಹೊಡೆಯುವವನ ಮರ್ಯಾದೆ ಇರುವುದು ಗಾಲಿಯ ಸದ್ದಿನಲ್ಲಿ. ಗಾಲಿ ಅತ್ತರೆ ಅದರ ಯಜಮಾನ ಎತ್ತಿಗೆ ಅನ್ಯಾಯ ಮಾಡುತ್ತಿದ್ದಾನೆ ಎಂದೇ ಅರ್ಥ. ಹುಲ್ಲು ಸುಟ್ಟ ಕರಿಯನ್ನು ಔಡಲೆಣ್ಣೆಯಲ್ಲಿ ಕಲಸಿದ ಕೀಲೆಣ್ಣೆಯನ್ನು ಅಚ್ಚಿಗೆ ಹಚ್ಚದೆ ಅವರು ಒಂದು ದಿನವೂ ಚಕ್ಕಡಿ ಹೂಡಿದವರಲ್ಲ. ಈಗ ತಮ್ಮ ಮನೆಯ ಗಾಡಿ ಹಾನಗಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಮಂದಿಯ ನಡುವೆ ಅಳುವುದೆಂದರೆ!

ಒಂದು ಮಧ್ಯಾಹ್ನ ಇವರು ಊಟ ಮಾಡಿ ಅಡ್ಡಾಗಿದ್ದಾಗ ಮಾವ ಅಡುಗೆಮನೆಯ ಬಾಗಿಲಿಗೆ ಬಂದರು. "ಯವ್ವಾ, ಒಂದೀಟ ಔಡಲೆಣ್ಣಿ ಕೊಡು." ಕೊಟ್ಟೆ. ಯಾಕೆಂದು ಕೇಳಲಿಲ್ಲ. ಅಂಗಳಕ್ಕೆ ಕಸ ಚೆಲ್ಲಲು ಹೋದಾಗ ನೋಡಿದರೆ ಅವರು ಮಡಚಲಾರದ ಮೊಣಕಾಲನ್ನು ಮಡಚಿ ಗಾಡಿಯ ಕೆಳಗೆ ಬಗ್ಗಿದ್ದಾರೆ. ಗಾಲಿಯ ಒಳಬದಿಯ ತಗಡಿನಲ್ಲಿ ರಬ್ಬರಿನ ಬಿರಡೆ ಹಾಕಿದ ಒಂದು ತೂತಿತ್ತು. ಶೂ ಬಿಗಿ ಮಾಡಲು ದಸ್ತಗೀರ ಅದರೊಳಗೆ ಸ್ಕ್ರೂಡ್ರೈವರ್ ತೂರಿಸುತ್ತಿದ್ದ. ಮಾವ ಅದನ್ನು ಎಣ್ಣೆ ಹಾಕುವ ತೂತೆಂದು ತಿಳಿದಿದ್ದರು. ಎತ್ತಿಗೆ ಔಷಧಿ ಕುಡಿಸುವ ಬಿದಿರಿನ ಗೊಟ್ಟದಿಂದ ಎರಡೂ ಗಾಲಿಗೆ ಹೊಟ್ಟೆ ತುಂಬ ಕೀಲೆಣ್ಣೆ ಕುಡಿಸಿ, ಗಾಲಿಯ ಬೆನ್ನು ತಟ್ಟಿ ಎದ್ದರು. ಎಷ್ಟೋ ದಿನಗಳ ಮೇಲೆ ಅವರ ಮುಖ ಅರಳಿದ್ದನ್ನು ಕಂಡು ನನಗೆ ಸಂತೋಷವಾಯಿತು. ಸಂತೋಷವಾಯಿತು ಎಂದೇ ಬರೆಯುತ್ತೇನೆ, ಸುಳ್ಳು ಯಾಕೆ?

ಮರುದಿನ ಇವರು ಶಿಗ್ಗಾಂವಿಗೆ ಭತ್ತದ ಚೀಲ ಹೇರಿಕೊಂಡು ಹೊರಟರು. ದಾರಿಯಲ್ಲಿ ನನ್ನನ್ನು ತವರುಮನೆ ದುಂಡಸಿಯಲ್ಲಿ ಇಳಿಸುವುದೆಂದು ಮಾತಾಗಿತ್ತು. ಗಾಡಿ ಅಳುವುದನ್ನು ನಿಲ್ಲಿಸಿತ್ತು. "ಪಟ್ಟಿ ಕುಂತು ನೋಡು" ಎಂದು ಇವರು ಹಿಗ್ಗಿದರು. ಮೊದಮೊದಲು ಎಣ್ಣೆ ಒಂದು ಮೂಲೆಯಲ್ಲಿ ಇತ್ತೋ ಏನೋ. ಬಿಸಿಯಾಗಿ ಹರಡಿದ ಮೇಲೆ ದುಂಡಸಿಯ ಇಳಿಜಾರಿನಲ್ಲಿ ಇವರು ಪೆಡಲು ಒತ್ತಿದರು, ಗಾಡಿಗೆ ಅದು ಕೇಳಿಸಲೇ ಇಲ್ಲ. ಮುಂದಿನ ಬ್ರೇಕು ಹೆಸರಿಗಷ್ಟೇ. ಇವರು ಒತ್ತಿದರು, ಪಕ್ಕದಲ್ಲಿ ನಾನೂ ಒತ್ತಿದೆ. ಇವರು ಗೇರು ಇಳಿಸಿದರು, ದೇವರನ್ನು ಕರೆದರು, ಕಡೆಗೆ ರಸ್ತೆ ಬಿಟ್ಟು ಒಂದು ಕಣಕ್ಕೆ ನುಗ್ಗಿ ಹುಲ್ಲಿನ ಬಣವಿಗೆ ಗಾಡಿಯನ್ನು ಹೊಗಿಸಿದರು. ಮೈತುಂಬ ಹುಲ್ಲಾಗಿ ಇಳಿದ ನಮ್ಮನ್ನು ನೋಡಿ ಬಣವಿಯ ಯಜಮಾನ, "ಹುಲ್ಲ ಬೇಕಿದ್ರ ಒಂದ ಮಾತ ಕೇಳಿದ್ರ ಕೊಡತಿದ್ದೆನಲ್ರಿ" ಎಂದ. ನನಗೆ ನಗು ಬಂತು.

ಗಾಡಿಯನ್ನು ತವರಿನ ಅಂಗಳಕ್ಕೆ ನೂಕಿಸಿದ್ದಾಯಿತು. ದಸ್ತಗೀರನಿಗೆ ಸುದ್ದಿ ಹೋಗಿ, ಮರುದಿನ ಅವನು ಸವಣೂರಿನಿಂದ ಶಿಗ್ಗಾಂವಿಯ ಮೇಲೆ ಹಾದು ಬಸ್ಸಿನಲ್ಲಿ ಹತ್ಯಾರದ ಚೀಲ ಹೊತ್ತು ಬಂದ. ಇವರು ಅವನಿಗೆ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಅವನು ತಲೆ ತಗ್ಗಿಸಿ ಡ್ರಮ್ಮು ಬಿಚ್ಚಿದ. ಇವರು ಅದನ್ನು ತೊಳೆಯುವ ಚಿಮಣಿ ಎಣ್ಣೆ ತರಲು ಅಂಗಡಿಗೆ ಹೋದಾಗ, ನೀರು ತಂದ ನನಗೆ ಕಂಡದ್ದು, ಬೆರಳನ್ನು ಮೂಗಿನ ಹತ್ತಿರ ಹಿಡಿದು ಕೂತ ದಸ್ತಗೀರ.

"ಅಕ್ಕಾರ, ಇದು ಗಾಡಿ ಎಣ್ಣಿ ಅಲ್ಲ. ಔಡಲೆಣ್ಣಿ. ಹುಲ್ಲಿನ ಕರಿ ಐತಿ."

ಚರಿಗೆ ನನ್ನ ಕೈಯಲ್ಲೇ ಉಳಿಯಿತು. "ನಾನ ಕೊಟ್ಟೇನಿ" ಎಂದೆ. "ಮಾವಾರು ಗಾಲಿ ಅಳತೈತಿ ಅಂತ..."

ಅವನು ಬೆರಳನ್ನು ಚಿಂದಿ ಅರಿವೆಗೆ ಒರೆಸಿಕೊಂಡ. ಆಮೇಲೆ, "ಹೇಳಬ್ಯಾಡ್ರಿ" ಎಂದ. "ಮೊದಲ ಎತ್ತ ಮಾರಿ ಕುಂತಾರ ಯಜಮಾನ್ರು. ತಮ್ಮ ಎಣ್ಣಿಯಿಂದ ಮಗಾ ಸೊಸಿ ಸಾಯತಿದ್ರು ಅಂತ ತಿಳದ್ರ ಜೀವಾ ತಡಿಯೂದಿಲ್ಲ. ನಾ ನೋಡ್ಕೋತೇನಿ."

ಇವರು ಬಂದಾಗ ಅವನು ತಣ್ಣಗೆ ಹೇಳಿದ: "ಅಣ್ಣಾರ, ಎಕ್ಸೆಲ್ಲಿನ ಆಯಿಲ್ ಸೀಲ್ ಸರಿ ಕುಂತಿಲ್ಲ. ಆಯಿಲ್ ಸೋರಿ ಪಟ್ಟಿಗೆ ಬಂದೈತಿ. ನಂದ ತಪ್ಪು." ಆಮೇಲೆ ಪಟ್ಟಿಗಳನ್ನು ತೊಳೆದ, ಪೆಟ್ರೋಲು ಹಾಕಿ ಬೆಂಕಿ ಹಚ್ಚಿ ಎಣ್ಣೆ ಸುಟ್ಟ, ಉಜ್ಜಿ ಮತ್ತೆ ಕೂರಿಸಿದ. ಹೋಗುವ ಮೊದಲು ಆ ತೂತಿಗೆ ಒಂದು ತಗಡಿನ ತುಂಡು ಇಟ್ಟು ಎರಡು ಸ್ಕ್ರೂ ಬಿಗಿದ. ಧೂಳು ಹೋಗಬಾರದೆಂದು, ಎಂದ.

ಇವರು ಸಿಟ್ಟಿನ ಮನುಷ್ಯ. ಕೆಟ್ಟವರಲ್ಲ, ಆದರೆ ಸಿಟ್ಟನ್ನು ಮನೆಯಲ್ಲಿ ಇಟ್ಟುಕೊಂಡು ಗೊತ್ತಿಲ್ಲ. ಹಾನಗಲ್ಲಿನ ಸ್ಟ್ಯಾಂಡು, ಚಿಕ್ಕೇರೂರಿನ ಚಹಾದಂಗಡಿ, ಹಿರೇಕೆರೂರಿನ ಪೇಟೆ, ಶಿಗ್ಗಾಂವಿಯ ಪೆಟ್ರೋಲ್ ಬಂಕು, ಗಾಡಿ ನಿಂತಲ್ಲೆಲ್ಲ "ದಸ್ತಗೀರನ ಕೈಯಾಗ ಬ್ರೇಕ್ ಕೊಟ್ಟು ಹೆಂಡತಿ ಸುದ್ದಾ ಸಾಯೂದಿತ್ತು" ಎಂದು ಸಾರಿದರು. ಬ್ರೇಕಿನ ವಿಷಯದಲ್ಲಿ ಮಿಸ್ತ್ರಿಯ ಹೆಸರು ಒಮ್ಮೆ ಹೋಯಿತೆಂದರೆ ಹೋದಂತೆಯೇ. ಒಬ್ಬ ಲಾರಿಯವನು ಸವಣೂರಿಗೆ ಹೋಗುವುದನ್ನು ಬಿಟ್ಟ, ಇನ್ನೊಬ್ಬ ಬಿಟ್ಟ. ಇದನ್ನೆಲ್ಲ ಇವರೇ ಊಟಕ್ಕೆ ಕೂತಾಗ ಹೇಳುತ್ತಿದ್ದರು, ಮಾವನೂ ಸೀಲಿನದೇ ತಪ್ಪೆಂದು ನಂಬಿದ್ದರು. ನಾನು ಬಡಿಸುತ್ತಿದ್ದೆ. ದಿನವೂ ಹೇಳಬೇಕೆಂದುಕೊಂಡೆ. ದಿನವೂ ದಸ್ತಗೀರನ "ಹೇಳಬ್ಯಾಡ್ರಿ" ನೆನಪಾಗುತ್ತಿತ್ತು. ಅವನು ಬೇಡ ಎಂದದ್ದು ನನಗೆ ಎಷ್ಟು ಅನುಕೂಲವಾಗಿತ್ತು ಎಂಬುದು ಆಗ ತಿಳಿಯಲಿಲ್ಲ. ಎಣ್ಣೆ ಕೊಟ್ಟವಳು ನಾನೇ ಅಲ್ಲವೇ?

ಮೂರು ವಾರ ಹೀಗೆ ಹೋಯಿತು. ಸುಟ್ಟ ಪಟ್ಟಿ ಮತ್ತೆ ಅಳತೊಡಗಿತ್ತು. ಒಂದು ಸಂಜೆ ಇವರು ಅಂಗಳದಲ್ಲಿ ಗಾಡಿ ತೊಳೆಯುವಾಗ ಮಾವ ಗೊಟ್ಟ ಹಿಡಿದು ಬಂದು ನಿಂತರು.

"ಅಲ್ಲೋ, ಈ ಎಣ್ಣಿ ತೂತಿಗೆ ದಸ್ತಗೀರ ಯಾಕ ತಗಡ ಹೊಡದಾನ? ಸ್ವಲ್ಪ ಬಿಚ್ಚಿ ಕೊಡು. ಹಿಂದಿನ ಸಲ ನಾ ಹಾಕಿದ ಮ್ಯಾಲ ಹೆಂಗ ಸುಮ್ಮನಾಗಿತ್ತು ನೋಡು!"

ಇವರ ಕೈಯಿಂದ ಬಕೆಟ್ಟು ಜಾರಿತು. "ಯಾವಾಗ ಹಾಕಿದಿ?"

"ದುಂಡಸಿಗೆ ಹೋಗೂ ಮುಂದ. ಸೊಸಿ ಎಣ್ಣಿ ಕೊಟ್ಟಳು."

ಇವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಇವರು ಕೂಗಾಡುತ್ತಾರೆಂದು ಕಾದೆ, ಕೂಗಲಿಲ್ಲ. ಗಾಡಿಯ ಹಿಂದಿನ ಹಲಗೆಯ ಮೇಲೆ ಹೋಗಿ ಕೂತರು. ಮಾವ ಇವರ ಮುಖ ನೋಡಿದರು, ನನ್ನ ಮುಖ ನೋಡಿದರು, ಕೈಯಲ್ಲಿದ್ದ ಗೊಟ್ಟವನ್ನು ನೋಡಿದರು. ಅವರಿಗೆ ತಿಳಿಯಿತು.

"ಅದರಾಗ ನೀವಿಬ್ಬರೂ ಇದ್ರಿ" ಎಂದರು. ಗೊಟ್ಟವನ್ನು ಕಟ್ಟೆಯ ಮೇಲಿಟ್ಟು, "ದಸ್ತಗೀರಗ ಗೊತ್ತಿತ್ತೇನು?" ಎಂದು ಕೇಳಿದರು.

"ಗೊತ್ತಿತ್ರಿ ಮಾವಾರ" ಎಂದೆ. ನನ್ನ ಬಾಯಿಂದ ಆ ಮಾತು ಹೊರಡಲು ಮೂರು ವಾರ ಬೇಕಾಯಿತು.

ಅವರು ಅಳುತ್ತಾರೆ, ಹಾಸಿಗೆ ಹಿಡಿಯುತ್ತಾರೆ ಎಂದು ನಾವು ಹೆದರಿದ್ದೆವು. ದಸ್ತಗೀರನೂ ಹಾಗೇ ತಿಳಿದಿದ್ದ. ನಾವೆಲ್ಲ ಆ ಮುದುಕನನ್ನು ಬಹಳ ಕಡಿಮೆ ತೂಗಿದ್ದೆವು. ಮರುದಿನ ಬೆಳಿಗ್ಗೆ ಮಾವ ಒಗೆದ ಧೋತರ ಉಟ್ಟು, ಮದುವೆಗೆ ಸುತ್ತುವ ರುಮಾಲು ಸುತ್ತಿ, ಗಾಡಿಯ ಮುಂದಿನ ಸೀಟಿನಲ್ಲಿ ಕೂತಿದ್ದರು. ಇವರನ್ನು ಕರೆದು ಹೇಳಿದರು: "ಎಲ್ಲೆಲ್ಲಿ ಅವನ ಹೆಸರ ಕೆಡಿಸಿದಿ, ಅಲ್ಲೆಲ್ಲ ಗಾಡಿ ನಿಲ್ಲಸು." ಬಾಗಿಲಲ್ಲಿ ನಿಂತ ನನಗೂ ಹೇಳಿದರು: "ನೀನೂ ಹತ್ತು. ಎಣ್ಣಿ ಕೊಟ್ಟಾಕಿ ನೀನ ಅಲ್ಲೇನು?"

ಎರಡು ದಿನ ಹಿಡಿಯಿತು. ಹಾನಗಲ್ಲಿನ ಸ್ಟ್ಯಾಂಡಿನಲ್ಲಿ ಮಾವ ಇಳಿದು, ನಾಲ್ಕು ಮಂದಿ ಸೇರುವವರೆಗೆ ಕಾದು, "ಬ್ರೇಕಿಗೆ ಕೀಲೆಣ್ಣಿ ಹಾಕಿದಾವ ನಾ. ದಸ್ತಗೀರಂದು ಏನೂ ತಪ್ಪಿಲ್ಲ" ಎಂದು ಗಟ್ಟಿಯಾಗಿ ಹೇಳಿದರು. ಚಿಕ್ಕೇರೂರಿನಲ್ಲಿ ಫಜೀತಿಯಾಯಿತು. ಅವತ್ತು ಅಲ್ಲಿ ಕೂತಿದ್ದವರೆಲ್ಲ ಬೇರೆಯವರು, ಅವರಿಗೆ ದಸ್ತಗೀರ ಯಾರೆಂದೇ ಗೊತ್ತಿರಲಿಲ್ಲ, ಮಾವ ಎತ್ತು ಮಾರಿದಲ್ಲಿಂದ ಶುರು ಮಾಡಿ ಬಣವಿಯವರೆಗೆ ಎಲ್ಲ ಹೇಳಬೇಕಾಯಿತು. ಚಹಾದಂಗಡಿಯವನಿಗೆ ಕಥೆ ಬಹಳ ಹಿಡಿಸಿ ನಮ್ಮಿಂದ ಚಹಾದ ದುಡ್ಡು ತಗೊಳ್ಳಲಿಲ್ಲ. ಹಿರೇಕೆರೂರಿನಲ್ಲಿ ಲಾರಿಯ ಡ್ರೈವರುಗಳು ಹೊಟ್ಟೆ ಹಿಡಿದು ನಕ್ಕರು. ಮಾವ ಅವರ ನಗು ಮುಗಿಯುವವರೆಗೆ ಕೈ ಕಟ್ಟಿ ನಿಂತಿದ್ದು, ಮುಗಿದ ಮೇಲೆ ಮತ್ತೊಮ್ಮೆ ಅದನ್ನೇ ಹೇಳಿದರು. ಎರಡನೆಯ ಸಲ ಯಾರೂ ನಗಲಿಲ್ಲ. ಪ್ರತಿ ಕಡೆಯೂ ಅವರಾದ ಮೇಲೆ ಇವರ ಸರದಿ. ಇವರು ಬೂಟಿನ ತುದಿ ನೋಡುತ್ತ, "ನಾ ತಿಳೀದ ಮಾತಾಡಿದ್ನಿ" ಎನ್ನುವರು. ಮೊದಲ ಊರಿನಲ್ಲಿ ಆ ಮಾತು ಬರೀ ತುಟಿಯಿಂದ ಬಂದಿತ್ತು. ಶಿಗ್ಗಾಂವಿಯ ಹೊತ್ತಿಗೆ ಒಳಗಿನಿಂದಲೇ ಬರುತ್ತಿತ್ತು. ನನ್ನನ್ನು ಎಲ್ಲಿಯೂ ಯಾರೂ ಏನೂ ಕೇಳಲಿಲ್ಲ. ಹೆಂಗಸು ಎಂದು ಬಿಟ್ಟರು. ನಾನೂ ಸೆರಗು ಹೊದ್ದು ಸುಮ್ಮನೆ ಕೂತೆ.

ಕಡೆಗೆ ಸವಣೂರು. ಹುಣಸೆಮರದ ಕೆಳಗೆ ಒಂದೂ ಗಾಡಿ ಇರಲಿಲ್ಲ. ದಸ್ತಗೀರ ಹತ್ಯಾರಗಳನ್ನೆಲ್ಲ ಒರೆಸಿ, ಚೀಲ ಹಾಸಿ, ಅದರ ಮೇಲೆ ದೊಡ್ಡದರಿಂದ ಸಣ್ಣದರವರೆಗೆ ಸಾಲಾಗಿ ಇಟ್ಟಿದ್ದ. ಕೆಲಸವಿದ್ದ ಮಿಸ್ತ್ರಿಯ ಹತ್ಯಾರ ಎಂದೂ ಹಾಗೆ ಸಾಲಾಗಿ ಇರುವುದಿಲ್ಲ.

ಮಾವ ಹೋಗಿ ಅವನ ಎರಡೂ ಕೈ ಹಿಡಿದುಕೊಂಡರು. "ಬಿಡ್ರಿ ಯಜಮಾನ್ರ, ನೀವ ಬಂದ್ರೆಲ್ಲ" ಎಂದು ದಸ್ತಗೀರ ಮಾವನನ್ನು ತನ್ನ ಸ್ಟೂಲಿನ ಮೇಲೆ ಕೂರಿಸಿದ. ಇವರು ಹೇಳಬೇಕಾದ್ದನ್ನು ಹೇಳಿದರು. ಅವನು ತಲೆಯಾಡಿಸಿ, "ಗಾಡಿ ತಗೊಂಡ ಬರ್ರಿ, ಪಟ್ಟಿ ನೋಡೂಣು" ಎಂದ. ಜ್ಯಾಕು ಏರಿತು, ಗಾಲಿ ಇಳಿಯಿತು. ಮಾವ ಕೇಳದೆಯೇ ಕೈ ಚಾಚಿದರು. ಇವರು ನಟ್ಟು ಬಿಚ್ಚುವ ಪಾನಾ ಎತ್ತಿ ಅಪ್ಪನ ಕೈಯಲ್ಲಿಟ್ಟರು.

ನಾನು ಮರದ ಬುಡದಲ್ಲಿ ನಿಂತಿದ್ದೆ. ದಸ್ತಗೀರ ಕೈ ತೊಳೆಯಲು ಆ ಕಡೆ ಬಂದ. ಚರಿಗೆಯಿಂದ ಅವನ ಕೈಗೆ ನೀರು ಹಾಕುತ್ತ, ಏನಾದರೂ ಹೇಳಬೇಕೆಂದು, "ನೀವ ಹೇಳಬ್ಯಾಡ ಅಂದಿದ್ರೆಲ್ಲ, ಅದಕ್ಕ ನಾ ಸುಮ್ಮನಿದ್ದೆ" ಎಂದೆ.

ಅವನು ಕೈ ಉಜ್ಜುವುದನ್ನು ನಿಲ್ಲಿಸಲಿಲ್ಲ. ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಹೌದ್ರಿ ಅಕ್ಕಾರ, ಬ್ಯಾಡ ಅಂದಾವ ನಾನ. ಆದ್ರ ನೀವಾದ್ರೂ ಹೇಳತೀರಿ ಅಂತ ದಿನಾ ಕಾಯತಿದ್ನಿ."